ಕೂಲಂಟ್ ಬದಲಿಸಿದ ಮೇಲೆ ಎಂಜಿನ್ ಒಳಗೆ ಉಳಿದ ಗಾಳಿ ತೆಗೆಯುವುದು ಹೇಗೆ?

ಮನೆಯಲ್ಲೇ ಕೂಲಂಟ್ ಬದಲಿಸಿದ್ದೀರಿ. ಈಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಹೀಟರ್ ಹಾಕಿದರೆ ತಣ್ಣನೆ ಗಾಳಿ, ಟೆಂಪರೇಚರ್ ಮುಳ್ಳು ಏರುವುದು ಇಳಿಯುವುದು. ಮೂರಕ್ಕೂ ಕಾರಣ ಒಂದೇ ಇರಬಹುದು, ಒಳಗೆ ಗಾಳಿ ಸಿಕ್ಕಿಕೊಂಡಿದೆ. ಅದನ್ನು ತೆಗೆಯುವವರೆಗೆ ಗಾಡಿ ಓಡಿಸಬೇಡಿ. ಮುಳ್ಳು ಮಧ್ಯದಲ್ಲೇ ನಿಂತಿದ್ದರೂ ನಂಬುವ ಹಾಗಿಲ್ಲ. ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ; ಸುತ್ತ ಗಾಳಿಯಿದ್ದರೆ ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಅತಿಯಾಗಿ ಕಾದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಳೆಯ ಕೂಲಂಟ್ ಅಳೆದಿಟ್ಟಿದ್ದೀರಾ? 4 ಲೀಟರ್ ಇಳಿಸಿ 3.2 ಲೀಟರ್ ಮಾತ್ರ ತುಂಬಿದ್ದರೆ ಉಳಿದ 800 ಮಿ.ಲೀ. ಜಾಗದಲ್ಲಿ ಗಾಳಿಯೇ ಇದೆ. ಎಂಜಿನ್‌ನಿಂದ ರೇಡಿಯೇಟರ್‌ಗೆ ಕೂಲಂಟ್ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯಲು ಶುರುಮಾಡುತ್ತದೆ. ತಣ್ಣಗಿದ್ದಾಗ ತುಂಬಿದರೆ ಅದರ ಹಿಂದಿನ ಗಾಳಿಗೆ ದಾರಿಯೇ ಇಲ್ಲ. ಅದಕ್ಕಾಗಿಯೇ ಹಲವು ಥರ್ಮೋಸ್ಟಾಟ್‌ಗಳಲ್ಲಿ ಸಣ್ಣ ರಂಧ್ರ, ಅದರಲ್ಲಿ ಅಲುಗಾಡುವ ಪುಟ್ಟ ಪಿನ್ ಇರುತ್ತದೆ. ಥರ್ಮೋಸ್ಟಾಟನ್ನೂ ಬದಲಿಸಿದ್ದರೆ, ನಿಂತ ಸ್ಥಿತಿಯಲ್ಲಿ ಕೂರುವ ಥರ್ಮೋಸ್ಟಾಟ್‌ನಲ್ಲಿ ಆ ಪಿನ್ ಮೇಲ್ಗಡೆ ಬರುವಂತೆ ಕೂರಿಸಿದ್ದೀರಾ ನೋಡಿ. ಅದು ಕೆಳಗಾದರೆ ಎಷ್ಟು ಕಷ್ಟಪಟ್ಟರೂ ಗಾಳಿ ಸುಲಭವಾಗಿ ಹೊರಬರುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಲಿ, ಕನಿಷ್ಠ ಎರಡು ಮೂರು ಗಂಟೆ. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಬಿಸಿಯಲ್ಲಿ ಮುಚ್ಚಳ ತಿರುವಿದರೆ ಒತ್ತಡ ಬಿದ್ದು ಅದೇ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ.

ಗಾಳಿ ಮೇಲಕ್ಕೇ ಹೋಗುತ್ತದೆ, ಆದ್ದರಿಂದ ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲ್ಮುಖವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಎ.ಸಿ. ಆಫ್, ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಕಡಿಮೆ ವೇಗಕ್ಕೆ.

ಮುಚ್ಚಳ ರೇಡಿಯೇಟರ್ ಮೇಲೆಯೇ ಇದ್ದು ಪಕ್ಕದಲ್ಲಿ ಪ್ಲಾಸ್ಟಿಕ್ ರಿಸರ್ವ್ ಬಾಟಲಿ ಇರುವ ಗಾಡಿ ಎಂದುಕೊಂಡು ಹೇಳುತ್ತೇನೆ. ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ ಸಿಕ್ಕಿಸಿ ಆಲಿಕೆಯ ಅರ್ಧದವರೆಗೆ ಕೂಲಂಟ್ ತುಂಬಿ. ನಿಧಾನವಾಗಿ ಸುರಿಯಿರಿ, ಅವಸರದಲ್ಲಿ ಸುರಿದರೆ ನೀವೇ ಗಾಳಿ ಸೇರಿಸಿದಂತೆ. ರೇಡಿಯೇಟರ್‌ನ ಮೇಲಿನ ಹೋಸನ್ನು ಕೈಯಲ್ಲಿ ಹತ್ತಿಪ್ಪತ್ತು ಸಲ ಹಿಂಡಿದರೆ ಎಂಜಿನ್ ಶುರುಮಾಡುವ ಮೊದಲೇ ಒಂದಷ್ಟು ಗಾಳಿ ಹೊರಬೀಳುತ್ತದೆ. ಈಗ ಎಂಜಿನ್ ಶುರುಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಹದಿನೈದಿಪ್ಪತ್ತು ನಿಮಿಷದಲ್ಲಿ ಥರ್ಮೋಸ್ಟಾಟ್ ತೆರೆಯುತ್ತದೆ. ಆಲಿಕೆಯ ಮಟ್ಟ ದಿಢೀರನೆ ಕುಸಿದು, ದೊಡ್ಡ ಗುಳ್ಳೆಗಳು ಬಂದು, ಕೆಳಗಿನ ಹೋಸ್ ಬಿಸಿಯಾಗುತ್ತದೆ. ಆಲಿಕೆ ಖಾಲಿಯಾಗಲು ಬಿಡಬೇಡಿ. ಆಮೇಲೆ 2000ದಿಂದ 2500 ಆರ್‌ಪಿಎಂಗೆ ಅರ್ಧ ನಿಮಿಷ ಏರಿಸಿ, ಇಳಿಸಿ, ಮೂರು ನಾಲ್ಕು ಸಲ. ಹೀಟರ್ ಕೋರ್‌ನಲ್ಲಿ (ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್) ಕೂತ ಗಾಳಿ ಐಡ್ಲಿಂಗ್‌ನ ಮೆಲ್ಲನೆ ಹರಿವಿಗೆ ಜಗ್ಗುವುದಿಲ್ಲ, ಅದಕ್ಕೇ ಈ ವ್ಯಾಯಾಮ. ಕೆಲಸ ಮುಗಿಯಿತು ಎನ್ನಲು ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತಿರಬೇಕು, ಗುಳ್ಳೆ ನಿಂತಿರಬೇಕು, ಹೀಟರ್‌ನಿಂದ ಬಿಸಿಗಾಳಿ ಬರುತ್ತಿರಬೇಕು. ಈ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗೀತು, ಕೈ ಮತ್ತು ಬಟ್ಟೆ ದೂರವಿರಲಿ.

ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಆಲಿಕೆ ತೆಗೆದು, ರೇಡಿಯೇಟರ್ ಬಾಯಿಮಟ್ಟ ತುಂಬಿ ಮುಚ್ಚಿ. ರಿಸರ್ವ್ ಬಾಟಲಿಯನ್ನು ಫುಲ್ ಗೆರೆಯವರೆಗೆ ತುಂಬಿ. ಎಂಜಿನ್ ತಣಿಯುವಾಗ ಮುಚ್ಚಳದ ಸಣ್ಣ ವಾಲ್ವ್ ಬಾಟಲಿಯಿಂದ ಕೂಲಂಟ್ ಹೀರಿಕೊಳ್ಳುತ್ತದೆ, ಉಳಿದ ಚೂರುಪಾರು ಗಾಳಿಯ ಜಾಗ ಹಾಗೆ ತುಂಬುತ್ತದೆ. ಮುಚ್ಚಳದ ರಬ್ಬರ್ ಸೀಳಿದ್ದರೆ ಹೀರುವುದು ಗಾಳಿಯನ್ನೇ. ಎರಡು ಮೂರು ದಿನ ಬೆಳಿಗ್ಗೆ ಮಟ್ಟ ನೋಡಿ, 100-200 ಮಿ.ಲೀ. ಇಳಿದರೆ ಗಾಬರಿ ಬೇಡ.

ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದೆ ಒತ್ತಡದ ಟ್ಯಾಂಕ್ ಮಾತ್ರ ಇದ್ದರೆ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಹುಡುಕಿ. ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರ್‌ನ ಮೇಲಿನ ಮೂಲೆ ಅಥವಾ ಹೀಟರ್ ಹೋಸ್ ಮೇಲೆ ಇರುತ್ತದೆ. ತಣ್ಣಗಿದ್ದಾಗಲೇ ಸಡಿಲಿಸಿ ಟ್ಯಾಂಕ್ ತುಂಬಿ, ಗುಳ್ಳೆಯಿಲ್ಲದ ಧಾರೆ ಬಂದೊಡನೆ ಮುಚ್ಚಿ. ಪ್ಲಾಸ್ಟಿಕ್ ಸ್ಕ್ರೂ ಆದರೆ ಬೆರಳ ಬಲ ಸಾಕು, ಸ್ಪಾನರ್ ಹಾಕಿ ಬಿಗಿದರೆ ತುಂಡಾಗಿ ಕೈಗೆ ಬರುತ್ತದೆ. ಎಲೆಕ್ಟ್ರಿಕ್ ಕೂಲಂಟ್ ಪಂಪ್ ಇರುವ ಹೈಬ್ರಿಡ್‌ಗಳನ್ನು ಮನೆಯಲ್ಲಿ ಮುಟ್ಟದಿರುವುದೇ ವಾಸಿ. ಹಲವದರಲ್ಲಿ ಸ್ಕ್ಯಾನರ್‌ನಿಂದ ಪಂಪ್ ಓಡಿಸಿಯೇ ಗಾಳಿ ತೆಗೆಯಬೇಕು.

ಟಾಪ್-ಅಪ್‌ಗೆ ಈಗಾಗಲೇ ಹಾಕಿರುವ ಬಗೆಯ ಕೂಲಂಟನ್ನೇ ಬಳಸಿ. ಬಣ್ಣ ನೋಡಿ ಒಂದೇ ಎಂದುಕೊಳ್ಳಬೇಡಿ. ಡಬ್ಬದ ಮೇಲೆ ಕಾನ್ಸಂಟ್ರೇಟ್ ಎಂದಿದ್ದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬೋರ್‌ವೆಲ್ ನೀರು ಖಂಡಿತ ಬೇಡ. ಚೆಲ್ಲಿದ್ದನ್ನು ಕೂಡಲೇ ಒರೆಸಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಇಷ್ಟಾದರೂ ಅರ್ಧ ಗಂಟೆ ಗುಳ್ಳೆ ನಿಲ್ಲದೆ, ಎಂಜಿನ್ ಏರಿಸಿದಂತೆ ಹೆಚ್ಚಾಗುತ್ತಿದ್ದರೆ, ಅಥವಾ ತಣ್ಣನೆ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದುಕೊಂಡರೆ, ಅದು ನೀವು ತುಂಬುವಾಗ ಸೇರಿದ ಗಾಳಿಯಲ್ಲ. ಸಿಲಿಂಡರ್ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿ ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಗ್ಯಾರೇಜಿನಲ್ಲಿ ರೇಡಿಯೇಟರ್ ಬಾಯಿಗೆ ಈ ಹೊಗೆ ಪತ್ತೆಮಾಡುವ ನೀಲಿ ದ್ರವದ ಟೆಸ್ಟರ್ ಹಿಡಿಸಿ. ದ್ರವ ಹಳದಿಗೆ ತಿರುಗಿದರೆ ಹೆಡ್ ಬಿಚ್ಚಲೇಬೇಕು.