ಎಂಜಲು ಟೆಸ್ಟ್ ಆಮೇಲೆ, ಮೊದಲು ಅಣ್ಣನನ್ನು ಕರೆತನ್ನಿ

ನಿಮ್ಮ ಕಾಗದ ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ನಿಮಗೆ 28. ಹುಡುಗ ಒಪ್ಪಿದ್ದಾನೆ, ನಿಮಗೂ ಇಷ್ಟ. ಶ್ರಾವಣದಲ್ಲಿ ನಿಶ್ಚಿತಾರ್ಥ. ಅಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, 12 ವರ್ಷದಿಂದ ಮಾತ್ರೆ. ‘ಎಂಜಲು ಕಳಿಸಿದರೆ ಜೀನ್ ಟೆಸ್ಟ್ ಮಾಡ್ತಾರಂತೆ, ನನ್ನದು ಮಾಡಿಸಿ ಆಮೇಲೆ ಹುಡುಗನ ಮನೆಯವರಿಗೆ ಅಣ್ಣನ ವಿಷಯ ಹೇಳಲಾ?’ ಅಂತ ಕೇಳಿದ್ದೀರಿ.

ಬೇಡ. ನಿಮಗೋ ನಿಮ್ಮ ಮಕ್ಕಳಿಗೋ ಈ ಕಾಯಿಲೆ ಬಂದೇ ಬರುತ್ತದೆ, ಬರುವುದೇ ಇಲ್ಲ ಅಂತ ಹೇಳುವ ಟೆಸ್ಟ್ ಇವತ್ತು ಇಲ್ಲ. 2022ರಲ್ಲಿ ಸುಮಾರು 77 ಸಾವಿರ ರೋಗಿಗಳ ಡಿಎನ್‌ಎ ಜಾಲಾಡಿದಾಗ ಈ ಕಾಯಿಲೆಗೆ ನಂಟಿರುವ ಜಾಗಗಳು ಸಿಕ್ಕಿದ್ದು 287. ಒಂದೊಂದರದ್ದೂ ಚಿಟಿಕೆ ಪಾಲು. ಅದರಲ್ಲೂ ಹೆಚ್ಚಿನವರು ಯುರೋಪ್ ಮೂಲದವರು, ನಮ್ಮವರಿಗೆ ಆ ಲೆಕ್ಕ ಸರಿಯಾಗಿ ಕೂರುವುದಿಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧ. ಸೋದರಮಾವನಿಗೆ ಇದ್ದರೆ ಮಕ್ಕಳಿಗೆ ಬರುವುದು ನೂರಕ್ಕೆ ಮೂರೋ ನಾಲ್ಕೋ. ಯಾರಿಗೂ ಇಲ್ಲದ ಮನೆಯಲ್ಲೂ ಸುಮಾರು ಒಂದು ಇದ್ದೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದೇ ಮನೆಯ ಹಲವರಿಗೆ ಕಾಯಿಲೆ ಇರುವ ಕುಟುಂಬಗಳ ರಕ್ತದಿಂದ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಜೀವಕೋಶವಾಗಬಲ್ಲ ಮೂಲಕೋಶ, ಬೆಳೆಸಿ ನೋಡುತ್ತಿದ್ದಾರೆ. ಯಾರಿಗೆ ಯಾವ ಮಾತ್ರೆ ಒಗ್ಗುತ್ತದೆ ಅಂತ ಮುಂದೊಂದು ದಿನ ಗೊತ್ತಾಗಬಹುದು. ಮದುವೆಗೆ ಸರ್ಟಿಫಿಕೇಟ್ ಮಾತ್ರ ಅಲ್ಲಿಂದ ಬರುವುದಿಲ್ಲ.

ಈಗ ನೀವು ಅರ್ಧ ಸಾಲಿನಲ್ಲಿ ದಾಟಿಸಿದ ಮಾತು. ‘ಅವರು ನೋಡಲು ಬಂದಾಗ ಅಣ್ಣನನ್ನು ಅಜ್ಜಿ ಊರಿಗೆ ಕಳಿಸಿದ್ದೆವು, ಇನ್ನೂ ಅಲ್ಲೇ ಇದ್ದಾನೆ.’ ನಾಲ್ಕು ತಿಂಗಳು! ರಾತ್ರಿ ಊಟ ಆದಮೇಲೆ ಡಬ್ಬಿ ತೆಗೆದು ಮಾತ್ರೆ ಕೊಡುತ್ತಿದ್ದವರು ನೀವು ಅಂತ ನೀವೇ ಬರೆದಿದ್ದೀರಿ. ಈಗ ಯಾರು ಕೊಡುತ್ತಿದ್ದಾರೆ? ಕಣ್ಣು ಮಂಜಾದ ಅಜ್ಜಿಯಾ? ಮಾತ್ರೆ ತಪ್ಪಿದರೆ ಕಾಯಿಲೆ ಮತ್ತೆ ಕೆರಳುತ್ತದೆ ತಾಯಿ.

ನಿಮ್ಮ ಅಪ್ಪ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ, ದಣಿದಿದ್ದಾರೆ ಪಾಪ. ಸಿಟ್ಟು ನಿಮ್ಮ ಮಾವನ ಮೇಲೆ. ಜಾತಕ ಕೂಡಿಸಿದ್ದೂ ಅವರೇ, ಅಣ್ಣನನ್ನು ಬಸ್ ಹತ್ತಿಸಿದ್ದೂ ಅವರೇ, ಈ ಎಂಜಲಿನ ಐಡಿಯಾನೂ ಅವರದ್ದೇ. ಸಂಬಂಧ ಕುದುರಿಸುವ ಹುರುಪಿನಲ್ಲಿ ಮನೆಮಗನನ್ನೇ ಮುಚ್ಚಿಟ್ಟರು. ಎಷ್ಟು ಸಲ ಬರೆದಿದ್ದೇನೋ, ಮದುವೆಗೆ ಮುಂಚೆ ಮುಚ್ಚಿಟ್ಟಿದ್ದು ಸೀಮಂತದೊಳಗೆ ಹೊರಗೆ ಬೀಳುತ್ತದೆ.

ಈ ಭಾನುವಾರ ನೀವೇ ಹೋಗಿ ಅಣ್ಣನನ್ನು ಕರೆದುಕೊಂಡು ಬನ್ನಿ. ಹುಡುಗನಿಗೆ ಹೇಳುವ ಮಾತು ಅಣ್ಣ ಮನೆ ಸೇರಿದ ಮೇಲೆ, ಅಣ್ಣನನ್ನೂ ಕೇಳಿಕೊಂಡು. ಅಲ್ಲಿಂದ ಹೊರಡುವಾಗ ಆ ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.