ಕ್ಯಾರವಾನ್ ಟ್ರೇಲರ್‌ನ ಚಕ್ರ ಬಿಸಿಯಾಗುತ್ತಿದೆ, ಗ್ರೀಸ್ ಹೊಡೆಸಿದರೆ ಸಾಕೇ?

ಪ್ರಶ್ನೆ: ನಮ್ಮ ಎರಡು ಚಕ್ರದ ಕ್ಯಾರವಾನ್ ಟ್ರೇಲರ್‌ಗೆ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಇದೆ. ಮಳೆಗಾಲ ಪೂರ್ತಿ ಯಲಹಂಕದ ಮನೆ ಮುಂದೆ ನಿಂತಿತ್ತು. ಮೊನ್ನೆ ನಂದಿಬೆಟ್ಟದ ಕಡೆ ಹೋಗಿ ಬಂದಾಗ ಎಡಗಡೆ ಹಬ್ (ಚಕ್ರದ ನಡುಭಾಗ) ಮುಟ್ಟಲಾಗದಷ್ಟು ಬಿಸಿ, ಗೊರಗೊರ ಸದ್ದು ಬೇರೆ. ಗ್ರೀಸ್ ಹೊಡೆದರೆ ಸರಿಹೋಗುತ್ತೆ ಅಂತಾರೆ ಮೆಕ್ಯಾನಿಕ್. ಮುಂದಿನ ತಿಂಗಳು ಶಿರಾಡಿ ಘಾಟಿ ಇಳಿಯಬೇಕು. ಏನು ಮಾಡಲಿ?

ಉತ್ತರ: ದಯವಿಟ್ಟು ಮೇಲಿಂದ ಗ್ರೀಸ್ ಹೊಡೆಸಬೇಡಿ, ಹಬ್ ಅನ್ನೇ ಬಿಚ್ಚಿಸಿ. ಗನ್ ಇಟ್ಟು ಒತ್ತಿದ ಗ್ರೀಸ್ ಅದನ್ನು ಒಳಗೇ ತಡೆದಿಡುವ ಹಿಂದಿನ ಆಯಿಲ್ ಸೀಲ್ ದಾಟಿ, ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಮೇಲೆ ಕೂತರೆ ಬೇರಿಂಗ್ ಜೊತೆ ಬ್ರೇಕೂ ಹಾಳು. ಗ್ರೀಸ್ ಕುಡಿದ ಶೂ ತೊಳೆದರೂ ಸರಿಹೋಗುವುದಿಲ್ಲ, ಬದಲಿಸಲೇಬೇಕು.

ಬಿಸಿಗೆ ಕಾರಣ ಬೇರಿಂಗೂ ಆಗಿರಬಹುದು, ಹಿಡಿದುಕೊಂಡ ಬ್ರೇಕೂ ಆಗಿರಬಹುದು. ಟ್ರೇಲರನ್ನು ಕಾರಿಗೆ ಸಿಕ್ಕಿಸಿ, ಕಾರಿನ ಹ್ಯಾಂಡ್‌ಬ್ರೇಕ್ ಎಳೆದು, ಬಲಗಡೆ ಚಕ್ರಕ್ಕೆ ಕಲ್ಲು ಕೊಟ್ಟು ಎಡಗಡೆ ಜಾಕ್ ಎತ್ತಿ. ಕೈಯಲ್ಲಿ ತಿರುಗಿಸಿದಾಗ ಒರಟಾಗಿ ಗರಗರ ಎಂದರೆ ಬೇರಿಂಗ್. ಬಿಗಿಯಾಗಿ ಉಜ್ಜಿಕೊಂಡು ನಿಂತರೆ ಬ್ರೇಕ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಲಟ ಎಂದರೆ ಬೇರಿಂಗ್‌ನ ಪ್ಲೇ (ಸಡಿಲ) ಜಾಸ್ತಿಯಾಗಿದೆ.

ಬಿಚ್ಚಿಸುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ಹಳೇ ಗ್ರೀಸನ್ನು ಬೆರಳಲ್ಲಿ ತೆಗೆದು ನೋಡಿ: ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ, ಮಿನುಗುವ ಪುಡಿ ಇದ್ದರೆ ಲೋಹ ಸವೆದಿದೆ. ಪೂರ್ತಿ ತೊಳೆದು ಒಣಗಿಸಿದ ಮೇಲೆ ರೋಲರ್ ನೀಲಿಗಟ್ಟಿದ್ದರೆ, ಕಪ್‌ನಲ್ಲಿ (ಬೇರಿಂಗ್‌ನ ಹೊರ ಬಳೆ) ಗುಳಿ ಬಿದ್ದಿದ್ದರೆ ಕಪ್, ಕೋನ್ (ರೋಲರ್ ಇರುವ ಒಳ ಬಳೆ) ಎರಡನ್ನೂ ಸೆಟ್ ಆಗಿಯೇ ಹಾಕಿಸಿ. ಬೇರಿಂಗ್ ಮೇಲಿನ ನಂಬರ್ ತೋರಿಸಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಸೀಲ್ ಮಾತ್ರ ಪ್ರತಿ ಸಲವೂ ಹೊಸದೇ ಬೇಕು. ಇಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎನ್‌ಎಲ್‌ಜಿಐ 2 ದರ್ಜೆಯ (ಇದು ಗ್ರೀಸಿನ ಗಟ್ಟಿತನದ ಅಳತೆ) ವ್ಹೀಲ್ ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರ್‌ಗಳ ಸಂದಿಯಿಂದ ಆಚೆ ಹೊಮ್ಮುವವರೆಗೆ ಒತ್ತಿ ತುಂಬಬೇಕು. ಹಬ್ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಕೈಬಿಗಿಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಬಲಗಡೆಯದಕ್ಕೂ ಇದೇ ಕೆಲಸ ಮಾಡಿಸಿ. ಮುಂದೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ತಪ್ಪಿಸಬೇಡಿ.

ಡ್ರಮ್ ಹೇಗೂ ಆಚೆ ಬಂದಿರುತ್ತದಲ್ಲ, ಕರೆಂಟ್ ಬಂದಾಗ ಶೂ ಒತ್ತಿಸುವ ಮ್ಯಾಗ್ನೆಟ್ ಒಂದೇ ಕಡೆ ಸವೆದಿದೆಯೇ, ವೈರ್ ಉಜ್ಜಿಕೊಂಡಿದೆಯೇ ನೋಡಿ. ಶೂ ಬದಲಿಸುವುದಾದರೆ ಎರಡೂ ಚಕ್ರಕ್ಕೆ ಬದಲಿಸಿ. ಒಂದೇ ಕಡೆ ಹಿಡಿದರೆ ಟ್ರೇಲರ್ ಪಕ್ಕಕ್ಕೆ ಎಳೆಯುತ್ತದೆ. ಟ್ರೇಲರ್ ಕಾರಿನಿಂದ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್‌ನ ಪಿನ್ ಎಳೆದು ಎರಡೂ ಚಕ್ರ ಹಿಡಿಯುತ್ತವೆಯೇ ಎಂದೂ ಪರೀಕ್ಷಿಸಿ.

ಘಾಟಿಯಲ್ಲಿ ಕಡಿಮೆ ಗೇರ್‌ನಲ್ಲೇ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಅದಕ್ಕೂ ಮೊದಲು ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಎರಡೂ ಹಬ್ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಕಾದಿದ್ದರೆ ಘಾಟಿ ಇಳಿಯಬೇಡಿ, ಅಲ್ಲೇ ಮೆಕ್ಯಾನಿಕ್ ಕರೆಸಿ.