ಬೇಕಲ ಒಂದನ್ನೇ ನೋಡಿ ವಾಪಸ್ ಹೋಗಬೇಡಿ ಅಕ್ಕ

ನಮಸ್ತೆ ಅಕ್ಕ. ಸಾಗರದಿಂದ ಡಿಸೆಂಬರಿನಲ್ಲಿ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಎರಡು ದಿನಕ್ಕೆ ಬರುತ್ತಿದ್ದೇವೆ, ಬೇಕಲ ಕೋಟೆ ಬಿಟ್ಟರೆ ಏನಿದೆ, ಮಲಯಾಳಂ ಬರದಿದ್ದರೆ ಕಷ್ಟವಾ ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಕಾಸರಗೋಡಿನಲ್ಲೇ. ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ, ಉದ್ದವಾದರೆ ಬೇಜಾರು ಮಾಡಬೇಡಿ.

ಮೊದಲು ಭಾಷೆ. ಏನೂ ಕಷ್ಟವಿಲ್ಲ. ಬಸ್ಸಿನ ಬೋರ್ಡು ಮಲಯಾಳದಲ್ಲಿರುತ್ತದೆ, ಆದರೆ ಪೇಟೆಯಲ್ಲಿ ಕನ್ನಡದಲ್ಲೇ ಕೇಳಿ. ಅಂಗಡಿಯವರಿಗೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಕಿವಿಗೆ ಬಿದ್ದಿರುತ್ತದೆ. ನಮ್ಮ ಊರು 1956ರಲ್ಲಿ ಕೇರಳಕ್ಕೆ ಸೇರಿತು ನಿಜ, ಮನೆಮಾತು ಹಾಗೇ ಉಳಿದಿದೆ. ಪೇಟೆ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಮಲಯಾಳಂ ಜಾಸ್ತಿ. ಅಲ್ಲಿಯೂ ನಿಧಾನವಾಗಿ ಕೇಳಿದರೆ ದಾರಿ ತೋರಿಸುತ್ತಾರೆ.

ಇನ್ನು ದಾರಿ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ. ಅಲ್ಲಿಂದ ಬೇಕಲಕ್ಕೆ 16 ಕಿ.ಮೀ. ಪೇಟೆಯಿಂದ ಮುಂದೆ ಹೆದ್ದಾರಿ ಹಿಡಿಯಬೇಡಿ, ಚೆರ್ಕಳ, ಪೊಯಿನಾಚಿ ಅಂತ ಒಳಗಿಂದ ಸುತ್ತಿಸುತ್ತದೆ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ ಮೇಲೆ ಹೋಗುವ ದಾರಿಯೇ ನಮ್ಮದು. ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿ, ಅಮ್ಮನಿಗೆ ಹೊಳೆ ತೋರಿಸಿ. ಕೊಡಗಿನಿಂದ ಪಯಸ್ವಿನಿಯಾಗಿ ಹರಿದು ಬಂದ ನೀರು ಅದು, ಹಿಂದಿನವರು ತುಳುನಾಡಿನ ಗಡಿ ಅಂತ ಹೇಳುತ್ತಿದ್ದದ್ದೂ ಈ ಹೊಳೆಯನ್ನೇ. ರೈಲಿನಲ್ಲಿ ಬರುವುದಾದರೆ ಬೇಕಲ ಫೋರ್ಟ್ ಅಂತಲೇ ಸ್ಟೇಷನ್ ಇದೆ, ಆದರೆ ಅಲ್ಲಿ ಕೆಲವೇ ಗಾಡಿ ನಿಲ್ಲುತ್ತವೆ. ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯುವುದು ಒಳ್ಳೆಯದು.

ಬೇಕಲ ಕೋಟೆ ನಿಮಗೆ ಪರಊರಿನದ್ದಲ್ಲ ಅಕ್ಕ. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರ ಹೊತ್ತಿಗೆ ಕಟ್ಟಿಸಿದ್ದು, ಅಂದರೆ ನಿಮ್ಮ ಸಾಗರದವರೇ ಇಲ್ಲಿಯವರೆಗೆ ಬಂದಿದ್ದರು. ಮಕ್ಕಳಿಗೆ ಇದನ್ನು ಹೇಳಿಯೇ ಒಳಗೆ ಕರೆದುಕೊಂಡು ಹೋಗಿ. ಸುಮಾರು 40 ಎಕರೆ, ಪೂರ್ತಿ ಮುರಕಲ್ಲು, ನೆರಳು ಕಡಿಮೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿಬಿಡಿ, 10 ಗಂಟೆಯ ಮೇಲೆ ಅಮ್ಮನಿಗೆ ಆಗುವುದಿಲ್ಲ. ಸಮುದ್ರದ ಕಡೆ ಗೋಡೆಯಲ್ಲಿರುವ ಕೋವಿಕಿಂಡಿಗಳಿಗೆ ಕಣ್ಣಿಟ್ಟು ನೋಡಲು ಮಕ್ಕಳಿಗೆ ಹೇಳಿ. ಒಂದರ ಕೆಳಗೆ ಒಂದು ಇವೆ. ಮೇಲಿನದರಲ್ಲಿ ದೂರದ ನೀರು ಕಾಣುತ್ತದೆ, ಕೆಳಗಿನದರಲ್ಲಿ ಗೋಡೆಯ ಬುಡದ ಬಂಡೆ. ವೈರಿ ಹತ್ತಿರ ಬಂದ ಹಾಗೆ ಕಿಂಡಿ ಬದಲಾಯಿಸಬೇಕು, ಅಷ್ಟೇ. ನಾನು ಚಿಕ್ಕವನಿದ್ದಾಗ ಇದನ್ನು ನೋಡುತ್ತಾ ಗಂಟೆಗಟ್ಟಲೆ ನಿಂತಿದ್ದೇನೆ. ಬಾಗಿಲ ಹತ್ತಿರವೇ ಆಂಜನೇಯನ ಗುಡಿಯಿದೆ, ಅಮ್ಮ ಅಲ್ಲಿ ಸುಮ್ನೆ ಕೂತಿರಬಹುದು.

ಕೋಟೆಯ ಪಕ್ಕದಲ್ಲೇ ಪಳ್ಳಿಕ್ಕೆರೆ ಬೀಚು. ಮಕ್ಕಳಿಗೆ ಆಟದ ಜಾಗ, ತಿಂಡಿ ಅಂಗಡಿ ಎಲ್ಲ ಅಲ್ಲಿದೆ. ಡಿಸೆಂಬರ್ ಕೊನೆಯ ವಾರವಾದರೆ ಸಂಜೆ ವಿಪರೀತ ಜನ, ಬೆಳಿಗ್ಗೆ ಹೋಗಿ. ನನಗೆ ಇಷ್ಟವಾದದ್ದು ಅದಲ್ಲ, ಉದುಮದ ಹತ್ತಿರದ ಕಪ್ಪಿಲ್. ಗಲಾಟೆ ಇಲ್ಲ, ಸೂರ್ಯ ಮುಳುಗುವವರೆಗೆ ಕೂರಬಹುದು. ಆದರೆ ಅಂಗಡಿ ಹೆಚ್ಚಿಲ್ಲ, ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಉತ್ತರದಲ್ಲಿ ಮಂಜೇಶ್ವರದ ಕಣ್ವತೀರ್ಥವೂ ಚೆನ್ನಾಗಿದೆ, ಹೋಗುವಾಗ ದಾರಿಯಲ್ಲೇ ಸಿಗುತ್ತದೆ. ಗೋವಿಂದ ಪೈಗಳ ಮನೆಯೂ ಮಂಜೇಶ್ವರದಲ್ಲೇ ಇರುವುದು, ಅದನ್ನು ಬಿಡಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡಲು ನೋಡಲು ಸಪಾಟು, ಕಾಲಿಟ್ಟರೆ ಹಾಗಿಲ್ಲ. ಒಂದು ಜೂನ್‌ನಲ್ಲಿ ನನ್ನ ಅಕ್ಕನ ಮಗ ಮೊಣಕಾಲಿನಷ್ಟು ನೀರಿನಲ್ಲಿ ನಿಂತಿದ್ದ. ತೆರೆ ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಹೊಯ್ಗೆ ಸರ್ರನೆ ಜಾರಿತು, ಹುಡುಗ ಕೂತೇಬಿಟ್ಟ. ಅಂಗಿಯ ಕಾಲರ್ ಭಾವನ ಕೈಗೆ ಸಿಕ್ಕಿದ್ದರಿಂದ ಉಳಿದ. ಡಿಸೆಂಬರಿನಲ್ಲಿ ಅಷ್ಟು ಜೋರಿರುವುದಿಲ್ಲ, ಆದರೂ ಮಕ್ಕಳ ಕೈ ಬಿಡಬೇಡಿ. ಬಲೆ ಒಣಗಿಸುವವರು ಯಾರಾದರೂ ಇದ್ದರೆ ಇಲ್ಲಿ ಇಳಿಯಬಹುದಾ ಅಂತ ಕೇಳಿ. ಅವರು ಬೇಡ ಅಂದರೆ ಬೇಡ.

ಎರಡನೇ ದಿನ ಪೇಟೆ ಮತ್ತು ಸುತ್ತಲಿನ ಊರು. ಬೆಳಿಗ್ಗೆ ಮಧೂರು, ಪೇಟೆಯಿಂದ 8 ಕಿ.ಮೀ. ಮಧುವಾಹಿನಿ ದಡದಲ್ಲಿ ಆನೆಯ ಬೆನ್ನಿನ ಹಾಗೆ ಹಿಂಭಾಗ ಉರುಟಾಗಿರುವ ದೇವಸ್ಥಾನ. ಪ್ರಸಾದದ ಅಪ್ಪ ಸಿಕ್ಕಿದರೆ ಬಿಸಿಯಿರುವಾಗಲೇ ತಿನ್ನಿ. ಹೊರಮೈ ಗರಿಗರಿ, ಒಳಗೆ ಬೆಲ್ಲ, ತುಪ್ಪದ ಮೆತ್ತನೆ. ಅಲ್ಲಿಂದ ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋಗಿ, ಕೆರೆಯ ನಡುವಿನ ದೇವಸ್ಥಾನ. ಬಬಿಯಾ ಅನ್ನುವ ಮೊಸಳೆ ಇದ್ದದ್ದು ಇಲ್ಲೇ, 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಆ ದಿನ ಯಾರಿಗೂ ಊಟ ಸೇರಲಿಲ್ಲ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ತಡ ಮಾಡಬೇಡಿ.

ಸಂಜೆ ತಳಂಗರೆ. ಮಾಲಿಕ್ ದೀನಾರ್ ಮಸೀದಿ ಇರುವ ಹಳೆಯ ಕೇರಿ. ತಳಂಗರೆ ಟೊಪ್ಪಿಗೆ ಹೆಸರು ಬಂದದ್ದು ಇಲ್ಲಿನ ಕೈಹೊಲಿಗೆಯಿಂದ. ಈಗ ಹೊಲಿಯುವವರು ಕಡಿಮೆಯಾಗಿದ್ದಾರೆ, ಸಿಕ್ಕಿದರೆ ಚೌಕಾಸಿ ಮಾಡದೆ ಒಂದು ತೆಗೆದುಕೊಳ್ಳಿ. ಅಮ್ಮನಿಗೆ ಕಾಸರಗೋಡು ಸೀರೆ ನೋಡಿ. ಹತ್ತಿಯದ್ದು, ಕೈಮಗ್ಗದ್ದು, ಬಾಳಿಕೆ ಬರುತ್ತದೆ.

ಉಳಿಯುವುದಕ್ಕೆ ಬೇಕಲದ ರೆಸಾರ್ಟುಗಳು ದುಬಾರಿ. ಅಮ್ಮ, ಮಕ್ಕಳು ಜೊತೆಗಿರುವಾಗ ಕಾಸರಗೋಡು ಪೇಟೆಯಲ್ಲೇ ರೂಮು ಮಾಡಿ. ಊಟ, ಔಷಧಿ, ಆಟೋ ಎಲ್ಲ ಕೈಗೆ ಸಿಗುತ್ತದೆ. ಹೊರಡುವ ದಿನ ಗೊತ್ತಾದ ಮೇಲೆ ಇಲ್ಲೇ ಹಾಕಿ. ಹತ್ತಿರದಲ್ಲಿ ತೆಯ್ಯಂ, ಅಂದರೆ ವೇಷ ಕಟ್ಟಿ ಕುಣಿಯುವ ದೈವದ ಕೋಲ, ಎಲ್ಲಾದರೂ ಇದೆಯಾ ಅಂತ ವಿಚಾರಿಸಿ ಹೇಳುತ್ತೇನೆ, ಆಗ ಅದರ ಕಾಲವೇ.